ಮೂರನೆಯ ಸಲ ಕೇಳದೆ ಹೋದವನು

"ಅಯ್ಯೋ... ನೋಡ್ಕೊಂಡು ಇಳೀಬಾರದಾ!"

ಆರ್ಡಿಸ್ ಕೂಗುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಚರ್ಚಿನ ನೆಲಮಾಳಿಗೆಯ ಕಡಿದಾದ ಮೆಟ್ಟಿಲು. ಅವಳ ಎರಡೂ ಕೈಯಲ್ಲಿ ನೀಲಿ ಪಿಂಗಾಣಿ ಬಳಿದ ದೊಡ್ಡ ಕಾಫಿ ಪಾತ್ರೆ. ಮೇಲಿಂದ ದಡದಡನೆ ಇಳಿದು ಬಂದ ಒಬ್ಬ ಉದ್ದನೆಯ ಅಪರಿಚಿತ. ಅರ್ಧ ಕಾಫಿ ಅವನ ಅಂಗಿಯ ಪಾಲಾಯಿತು.

"ಸುಡ್ತಾ?" ಎಂದಳು ಅವಳು.

"ಸುಡ್ತು. ಪರವಾಗಿಲ್ಲ... ಇನ್ನೂ ಸ್ವಲ್ಪ ಉಳಿದಿದೆಯಾ?"

"ಏನು?"

"ಕಾಫಿ. ಕುಡಿಯೋಣ ಅಂತಾನೇ ಬಂದೆ. ಮೈಮೇಲೆ ಹುಯ್ಯಿಸ್ಕೊಳ್ಳೋಕಲ್ಲ."

ಆರ್ಡಿಸ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನನ್ನು ಅಡುಗೆಮನೆಗೆ ಕರೆದೊಯ್ದು ಒದ್ದೆ ಬಟ್ಟೆ ಕೊಟ್ಟಳು, ಒಂದು ಲೋಟ ಕಾಫಿ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದ.

"ಇದರಲ್ಲಿ ಏನೋ ಹಾಕಿದ್ದೀರಿ."

"ಮೊಟ್ಟೆ."

"ಕಾಫಿಗೆ ಮೊಟ್ಟೆನಾ?"

"ಪುಡಿಗೆ ಮೊಟ್ಟೆ ಒಡೆದು ಕಲಸಿ ಕುದಿಸ್ತೀವಿ. ಕಹಿ ಹೋಗುತ್ತೆ. ನಿಮ್ಮ ಕಡೆ ಹಾಕಲ್ವಾ?"

"ನಮ್ಮ ಕಡೆ ಮೊಟ್ಟೇನ ತಟ್ಟೇಲಿ ಹಾಕ್ತಾರೆ," ಎಂದ ಅವನು. ಆದರೆ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದ.

ಅದು ಸಾವಿರದ ಒಂಬೈನೂರ ಎಂಬತ್ತೊಂದರ ಜನವರಿ. ಅವಳಿಗೆ ಇಪ್ಪತ್ತಮೂರು. ಅವನ ಹೆಸರು ವೆಂಡೆಲ್, ನೆಬ್ರಾಸ್ಕದ ಮರಳುಗುಡ್ಡಗಳ ಕಡೆಯವನು. ದನ ಮೇಯಿಸುವವರ ಮನೆಯಲ್ಲಿ ಹುಟ್ಟಿ, ನಮ್ಮ ನಾರ್ಬಿ ಊರಿನ ಹಾಲಿನ ಡೇರಿಗೆ ಲಾರಿ ಓಡಿಸಲು ಬಂದಿದ್ದ. ನಾರ್ಬಿ ಮಿನೆಸೋಟದ ಪಶ್ಚಿಮ ಅಂಚಿನಲ್ಲಿದೆ. ಅಜ್ಜಂದಿರ ಕಾಲದಲ್ಲಿ ನಾರ್ವೆಯಿಂದ ಬಂದು ನೆಲೆಸಿದವರೇ ಊರಿನ ತುಂಬ. ಡೇರಿ ಮುಚ್ಚಿ ಈಗ ಎಷ್ಟೋ ವರ್ಷವಾಯಿತು. ಆಗ ಬೆಳಿಗ್ಗೆ ಆರಕ್ಕೆಲ್ಲ ಹಾಲಿನ ಲಾರಿಗಳ ಸದ್ದಿಗೆ ಊರು ಏಳುತ್ತಿತ್ತು.

ಆ ವರ್ಷ ಪೂರ್ತಿ ವೆಂಡೆಲ್‌ನ ಲಾರಿ ಆರ್ಡಿಸ್‌ಳ ಅಪ್ಪನ ಹೊಲದ ಮುಂದೆ ಮಾತ್ರ ಬೇರೆ ಮನೆಗಳಿಗಿಂತ ಹತ್ತು ನಿಮಿಷ ಹೆಚ್ಚು ನಿಲ್ಲುತ್ತಿತ್ತು. ಅಪ್ಪ ಕೇಳುತ್ತಿದ್ದ: "ನಮ್ಮ ಹಸುಗಳು ಅಷ್ಟೊಂದು ಹಾಲು ಕೊಡ್ತಾವಾ?"

ಅಕ್ಟೋಬರಿನಲ್ಲಿ, ಆಲೂಗಡ್ಡೆ ಅಗೆದು ಮುಗಿದ ದಿನ, ವೆಂಡೆಲ್ ಲಾರಿಯಿಂದಿಳಿದು ಟೋಪಿ ತೆಗೆದ. ಕಿವಿ ಕೆಂಪಾಗಿತ್ತು.

"ಆರ್ಡಿಸ್... ನನ್ನ ಮದುವೆ ಆಗ್ತೀಯಾ?"

ಅವಳ ಎದೆ ಹೊಡೆದುಕೊಂಡ ಸದ್ದು ಅವನಿಗೂ ಕೇಳಿಸಿರಬೇಕು! ಆದರೆ ಬಾಯಿಂದ ಬಂದ ಮಾತು ಬೇರೆ.

"ಅಯ್ಯೋ, ಬೇಡ ಬಿಡು... ನಿನಗ್ಯಾಕೆ ಆ ತೊಂದರೆ."

ನವೆಂಬರಿನಲ್ಲಿ ಮತ್ತೆ ಕೇಳಿದ. ಈ ಸಲ ದನಿ ಸಣ್ಣದಾಗಿತ್ತು.

"ಇಲ್ಲಪ್ಪ... ನನಗೋಸ್ಕರ ಅಷ್ಟೆಲ್ಲ ಮಾಡ್ಕೋಬೇಡ," ಎಂದಳು ಆರ್ಡಿಸ್, ಕಣ್ಣು ಕೆಳಗೆ ಹಾಕಿ, ತುಟಿ ಕಚ್ಚಿ ನಗು ತಡೆದುಕೊಂಡು.

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಬೇಕಾ ಎಂದು ಕೇಳುತ್ತಾರೆ. ಬೇಡ ಎನ್ನಬೇಕು. ಮತ್ತೆ ಕೇಳುತ್ತಾರೆ. ಅಯ್ಯೋ ಬೇಡವೇ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಸರಿ ಹಾಗಾದ್ರೆ, ಅರ್ಧ ಲೋಟ ಕೊಡಿ ಎನ್ನಬೇಕು. ಮೊದಲ ಸಲಕ್ಕೇ ಹೂಂ ಎಂದವರನ್ನು ಹಸಿದು ಬಿದ್ದವರು ಎನ್ನುತ್ತಾರೆ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ತೊಟ್ಟಿಲಲ್ಲೇ ಕಲಿತ ಮಾತು ಅದು.

ಮರಳುಗುಡ್ಡಗಳ ಕಡೆಯವನಿಗೆ ಯಾರು ಕಲಿಸಬೇಕು?

ಆರ್ಡಿಸ್ ಮನೆಗೆ ಹೋಗಿ ನೀಲಿ ಉಡುಪನ್ನು ಇಸ್ತ್ರಿ ಮಾಡಿಟ್ಟಳು. ಮೂರನೆಯ ಸಲ ಅವನು ಕೇಳುವ ದಿನ ಅದನ್ನೇ ಉಡಬೇಕು! ಡಿಸೆಂಬರ್ ಬಂತು. ಹೋಯಿತು. ಅವರ ಮನೆಯ ಮುಂದೆ ನಿಲ್ಲುವ ಲಾರಿಗೆ ಬೇರೆ ಚಾಲಕ ಬಂದ. 'ಬೇರೆ ದಾರಿ ಕೇಳಿ ಹಾಕಿಸ್ಕೊಂಡ,' ಎಂದರು ಡೇರಿಯವರು.

ಯಾಕೆ? ಮನಸ್ಸು ಬದಲಾಯಿತೇ? ಸುಮ್ಮನೆ ಆಟ ಆಡಿದನೇ? ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ಹೆಣ್ಣು ತಾನಾಗಿ ಕೇಳುವುದೇ? ಛೇ!

ಎರಡು ವರ್ಷದ ನಂತರ ವೆಂಡೆಲ್ ಪಕ್ಕದೂರಿನ ಶಾಲೆಯ ಟೀಚರ್ ಜೆನೆಟ್‌ಳನ್ನು ಮದುವೆಯಾದ. ನಮ್ಮ ಚರ್ಚಿನಲ್ಲೇ. ಆರ್ಗನ್ ನುಡಿಸಿದವಳು ಆರ್ಡಿಸ್. ಒಂದು ಸ್ವರವೂ ತಪ್ಪಲಿಲ್ಲ. ಮನೆಗೆ ಬಂದು ಆ ನೀಲಿ ಉಡುಪನ್ನು ಬಡವರಿಗೆ ಕೊಡುವ ಪೆಟ್ಟಿಗೆಗೆ ಹಾಕಿದಳು.

ಅವನು ಕೇಳಿದ ಆ ಅಕ್ಟೋಬರಿನಿಂದ ಹೀಗೇ ನಲವತ್ಮೂರು ವರ್ಷ...

ಅವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದಳು, ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡಳು, ಮದುವೆ ಬೇಡವೆಂದಳು. ಪ್ರತಿ ಭಾನುವಾರ ಜನರಿಗೆ ಬೆನ್ನು ಹಾಕಿ ಆರ್ಗನ್ ನುಡಿಸುವಾಗ ಅದರ ಮೇಲಿದ್ದ ಪುಟ್ಟ ಕನ್ನಡಿಯಲ್ಲಿ ಮೂರನೆಯ ಸಾಲಿನಲ್ಲಿ ಅವನ ತಲೆ ಕಾಣುತ್ತಿತ್ತು. ಕಪ್ಪು ತಲೆ ನೋಡನೋಡುತ್ತ ಬೆಳ್ಳಗಾಯಿತು. ಆರು ವರ್ಷದ ಕೆಳಗೆ ಅವನ ಪಕ್ಕದ ಜಾಗ ಖಾಲಿಯಾಯಿತು. ಜೆನೆಟ್ ಕಾಯಿಲೆಯಿಂದ ತೀರಿಕೊಂಡಿದ್ದಳು.

ಆಗಲೂ ಅವನು ಏನೂ ಹೇಳಲಿಲ್ಲ. ಇವಳೂ ಹೇಳಲಿಲ್ಲ.

ಈಗ ಅರವತ್ತಾರನೆಯ ವಯಸ್ಸಿನಲ್ಲಿ ಆರ್ಡಿಸ್ ಊರು ಬಿಡುವವಳಿದ್ದಳು. ಅಣ್ಣನ ಮಗಳು ಜೋಲೀನ್ ಅರಿಝೋನಾದಿಂದ ಬಂದು ಸೋಮವಾರ ಬೆಳಿಗ್ಗೆ ಕರೆದೊಯ್ಯುವುದು ಎಂದಾಗಿತ್ತು. ಅಲ್ಲಿ ಹಿಮ ಬೀಳುವುದಿಲ್ಲವಂತೆ. ಕಿತ್ತಳೆ ಮರಗಳಿವೆಯಂತೆ. ಎಲ್ಲರೂ ಒಳ್ಳೆಯದಾಯಿತು ಎಂದರು.

ವೆಂಡೆಲ್ ಕೂಡ ಎಂದ: "ಒಳ್ಳೇದಾಯ್ತು. ನಿನ್ನ ಮಂಡಿ ನೋವಿಗೆ ಬಿಸಿಲು ಒಳ್ಳೇದು."

'ಮಂಡಿಯಂತೆ ಮಂಡಿ! ಒಂದೇ ಒಂದು ಸಲ ಹೋಗಬೇಡ ಅಂದಿದ್ದರೆ...' ಎಂದುಕೊಂಡಳು ಆರ್ಡಿಸ್. ಅಂದರೆ ಉಳಿಯುತ್ತಿದ್ದಳು. ಆ ಕ್ಷಣವೇ. ಆದರೆ ಅವನು ಅನ್ನುವವನಲ್ಲ, ಇವಳು ಕೇಳುವವಳಲ್ಲ. ಸೋಮವಾರ ಮಾತ್ರ ಹತ್ತಿರ ಬರುತ್ತಲೇ ಇತ್ತು.

ಡಿಸೆಂಬರ್ ತಿಂಗಳ ಪ್ರತಿ ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಟಿ.ವಿ. ಸಿನಿಮಾ ನೋಡುವುದು ರೂಢಿ. ಅದೇ ಸಿಹಿ ಸಿಹಿ ಕ್ರಿಸ್ತೀಯ ಪ್ರೇಮಕಥೆಗಳು. ಪಟ್ಟಣದಿಂದ ಹುಡುಗಿ ಊರಿಗೆ ಮರಳುತ್ತಾಳೆ, ಚೌಕಳಿ ಅಂಗಿಯ ಹುಡುಗ ಮರ ಕಡಿಯುತ್ತಿರುತ್ತಾನೆ, ನಡುವೆ ಒಂದು ಪ್ರಾರ್ಥನೆ, ಕೊನೆಗೆ ಹಿಮ. ಟಿ.ವಿ. ಜೋಡಿಸಿ, ಕುರ್ಚಿ ಹಾಕಿ, ಮುಗಿದ ಮೇಲೆ ಕುರ್ಚಿ ಮಡಚಿಡುವ ಕೆಲಸ ವೆಂಡೆಲ್‌ನದು. ಹಿಂದಿನ ಸಾಲಿನಲ್ಲಿ ಕಾಫಿ ಹಿಡಿದು ಕೂತಿರುತ್ತಿದ್ದ.

ಆ ಸಿನಿಮಾಗಳ ಸುಳ್ಳು ಹಿಡಿಯುವುದರಲ್ಲಿ ಆರ್ಡಿಸ್ ಎತ್ತಿದ ಕೈ. ಅವಳು ಮಾತಾಡದಿದ್ದರೆ ಸಿನಿಮಾ ನೋಡಿದಂತೆಯೇ ಅಲ್ಲ ಎನ್ನುತ್ತಿದ್ದರು ಹೆಂಗಸರು. ಅದು ಅವಳ ಕೊನೆಯ ಶನಿವಾರ. ಎಲ್ಲರೂ ಬೇಕೆಂದೇ ಕೆಣಕಿದರು.

"ಶುರು ಮಾಡೇ ಆರ್ಡಿಸ್, ಮುಂದಿನ ವಾರ ನಮಗ್ಯಾರು ಹೇಳ್ತಾರೆ?" ಎಂದಳು ಮಾರ್ಲಿಸ್. ಅಂಚೆ ಕಚೇರಿಯ ದಿನಗಳಿಂದ ಆರ್ಡಿಸ್‌ಳ ಗೆಳತಿ.

"ಆ ಹುಡುಗಿ ಕೋಟಿನ ಗುಂಡಿ ನೋಡೇ," ಎಂದಳು ಆರ್ಡಿಸ್. "ಈ ಚಳೀಲಿ ಗುಂಡಿ ಹಾಕ್ದೆ ಓಡಾಡ್ತಾಳೆ. ಬಾಯಿಂದ ಆವಿ ಬರ್ತಿಲ್ಲ. ಜುಲೈನಲ್ಲಿ ತೆಗೆದಿರೋದು ಇದು."

"ಆ ಕಪ್ ನೋಡು, ಹೆಂಗೆ ಬೀಸ್ತಾಳೆ!" ಎಂದಳು ಇನ್ನೊಬ್ಬಳು.

"ಅದರಲ್ಲಿ ಕಾಫಿ ಎಲ್ಲಿದೆ? ಖಾಲಿ ಕಪ್ ಹಿಡ್ಕೊಂಡು ಊದ್ತಿದ್ದಾಳೆ ಪಾಪ."

"ಅವರ ಚರ್ಚಿನಲ್ಲಿ ಇನ್ನೂರು ಜನ ಊಟ ಮಾಡಿದ್ರು," ಎಂದಳು ಮಾರ್ಲಿಸ್. "ಪಾತ್ರೆ ತೊಳೆದವರು ಯಾರು? ಒಬ್ಬಳಾದ್ರೂ ತೋಳು ಮಡಚಿದ್ಲಾ?"

"ಪ್ರೀತಿ ಮಾಡೋಕೆ ಅವರಿಗೆ ಟೈಮ್ ಸಿಗೋದು ಅದಕ್ಕೇ ಕಣೇ!" ಎಂದಳು ಆರ್ಡಿಸ್.

ನಗು ಎದ್ದಿತು. ಆರ್ಡಿಸ್ ಕೂಡ ನಕ್ಕಳು. ನಗುತ್ತಲೇ ಮೂಗರಳಿಸಿದಳು. ಈ ವಾಸನೆ... ಮೊಟ್ಟೆ ಹಾಕಿ ಕುದಿಸಿದ ಕಾಫಿ, ಒದ್ದೆ ಉಣ್ಣೆ, ಹಳೆಯ ಹಾಡಿನ ಪುಸ್ತಕಗಳು... ಅರಿಝೋನಾದಲ್ಲಿ ಇದು ಎಲ್ಲಿ ಸಿಗುತ್ತದೆ?

ಪರದೆಯ ಮೇಲೆ ಚೌಕಳಿ ಅಂಗಿಯ ಹುಡುಗ ಮೊಣಕಾಲೂರಿದ. 'ನನ್ನ ಮದುವೆ ಆಗ್ತೀಯಾ?' ಎಂದ. ಅವನ ಮಾತು ಮುಗಿಯುವ ಮೊದಲೇ ಹುಡುಗಿ 'ಹೂಂ! ಹೂಂ!' ಎಂದು ಕೊರಳಿಗೆ ಜೋತುಬಿದ್ದಳು.

ನೆಲಮಾಳಿಗೆ ಹೋ ಎಂದು ನಕ್ಕಿತು.

"ಮೊದಲ ಸಲಕ್ಕೇ ಹೂಂ ಅಂದ್ಬಿಟ್ಳಲ್ಲೇ!" ಎಂದಳು ಬೊರ್ಗಿಲ್ಡ್. ತೊಂಬತ್ತೊಂದು ದಾಟಿದ, ಊರಿಗೇ ಅಜ್ಜಿಯಾದವಳು. "ಯಾರ ಮನೆ ಮಗಳಪ್ಪ ಇವಳು? ಹೆತ್ತವರು ಏನೂ ಕಲಿಸಿಲ್ವಾ?"

"ಇದಂತೂ ನಂಬೋಕೆ ಸಾಧ್ಯವೇ ಇಲ್ಲ," ಎಂದಳು ಮಾರ್ಲಿಸ್ ಕಣ್ಣೊರೆಸಿಕೊಳ್ಳುತ್ತ.

ಹಿಂದಿನ ಸಾಲಿನಿಂದ ವೆಂಡೆಲ್‌ನ ದನಿ ಬಂತು. ಸಿನಿಮಾ ನಡುವೆ ಅವನು ಮಾತಾಡಿದ್ದು ಅದೇ ಮೊದಲು.

"ಮತ್ತೇನು ಹೇಳಬೇಕಿತ್ತು ಅವಳು?"

"ಏನು ಹೇಳೋದು, ಬೇಡ ಅನ್ನಬೇಕಿತ್ತು," ಎಂದಳು ಬೊರ್ಗಿಲ್ಡ್, ತಿರುಗದೆಯೇ. "ಎರಡು ಸಲ ಬೇಡ. ಮೂರನೇ ಸಲ ಹೂಂ. ಕಾಫಿಗೇ ಹಂಗಾದ್ರೆ ಗಂಡನಿಗೆ ಬೇಡ್ವಾ? ನಮ್ಮೋರು ನನ್ನನ್ನ ಮೂರು ಸಲ ಕೇಳಿದ್ರು. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ ನಾನು ನಾಲ್ಕು ಕೆಜಿ ಇಳಿದಿದ್ದೆ!"

ಮತ್ತೆ ನಗು. ಆ ನಗುವಿನಲ್ಲಿ ಇಬ್ಬರು ಸೇರಲಿಲ್ಲ.

ಆರ್ಡಿಸ್ ಪರದೆಯನ್ನೇ ನೋಡುತ್ತಿದ್ದಳು. ತಿರುಗಿ ನೋಡುವ ಧೈರ್ಯವಿರಲಿಲ್ಲ. ಬೆನ್ನ ಹಿಂದೆ ಕುರ್ಚಿ ಕಿರ್ರೆಂದಿತು. "ಮದುವೆಗೂನಾ...?" ಎಂದದ್ದು ಕೇಳಿಸಿತು, ಯಾರನ್ನೂ ಕೇಳದ ಹಾಗೆ, ತನ್ನಷ್ಟಕ್ಕೆ. ಆಮೇಲೆ ಮೆಟ್ಟಿಲು ಹತ್ತುವ ಹೆಜ್ಜೆ ಸದ್ದು.

ಅವತ್ತು ಕುರ್ಚಿಗಳನ್ನು ಹೆಂಗಸರೇ ಮಡಚಿಟ್ಟರು.

'ಅವನಿಗೆ ಗೊತ್ತಿರಲಿಲ್ಲ!' ಮನೆಗೆ ನಡೆಯುತ್ತ ಆರ್ಡಿಸ್‌ಳ ತಲೆಯಲ್ಲಿ ಅದೊಂದೇ. ನಲವತ್ಮೂರು ವರ್ಷ ಈ ಊರಿನ ಕಾಫಿ ಕುಡಿದ, ಎರಡು ಸಲ ಬೇಡ ಎನ್ನುವುದನ್ನೂ ಕಲಿತ. ಆದರೆ ಆ ಅಕ್ಟೋಬರಿನಲ್ಲಿ, ಊರಿಗೆ ಬಂದ ಒಂಬತ್ತೇ ತಿಂಗಳಿಗೆ... ನಾನು ಬೇಡ ಎಂದದ್ದನ್ನು ಬೇಡ ಎಂದೇ ತಿಳಿದನಲ್ಲ! ಎರಡು ಸಲ! ಪಾಪ, ಟೋಪಿ ಕೈಯಲ್ಲಿ ಹಿಡಿದು ಎರಡು ಸಲ ಅವಮಾನ ಪಟ್ಟುಕೊಂಡು ಹೋದನಲ್ಲ...

ಇಷ್ಟು ವರ್ಷ ಅವನು ಬಿಟ್ಟುಹೋದ ಎಂದುಕೊಂಡಿದ್ದಳು. ಕಳಿಸಿದವಳು ತಾನೇ.

ಭಾನುವಾರ ಅವಳು ಚರ್ಚಿನಲ್ಲಿ ಕೊನೆಯ ಸಲ ಆರ್ಗನ್ ಮುಂದೆ ಕೂತಳು. ಕನ್ನಡಿಯಲ್ಲಿ ಮೂರನೆಯ ಸಾಲು ನೋಡಿದಳು. ಖಾಲಿ!

ಹಿಮ ಸುರಿದರೂ ಕಾಲು ಮುರಿದರೂ ಭಾನುವಾರ ತಪ್ಪಿಸದವನು ಇಂದು ಬಂದಿರಲಿಲ್ಲ. ಅವಳ ಬೆರಳು ಮೊದಲ ಬಾರಿಗೆ ತಪ್ಪು ಸ್ವರದ ಮೇಲೆ ಬಿತ್ತು. ಇಡೀ ಚರ್ಚು ತಲೆಯೆತ್ತಿ ನೋಡಿತು.

'ಕೋಪ ಬಂದಿದೆ. ಬರದೆ ಏನು? ನಾನಾದರೂ ಮುಖ ನೋಡುತ್ತಿರಲಿಲ್ಲ...'

ಮಧ್ಯಾಹ್ನ ಎರಡು ಗಂಟೆ. ಜೋಲೀನ್ ಪೇಟೆಗೆ ಅಂಟುಪಟ್ಟಿ ತರಲು ಹೋಗಿದ್ದಳು. ಆರ್ಡಿಸ್ ರಟ್ಟಿನ ಡಬ್ಬಗಳ ನಡುವೆ ನಿಂತು ತಟ್ಟೆಗಳಿಗೆ ಪತ್ರಿಕೆ ಸುತ್ತುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು.

ವೆಂಡೆಲ್! ಬೂಟಿನ ತುಂಬ ಹಿಮ.

"ಎರಡು ನಿಮಿಷ," ಎಂದ. "ಜಾಸ್ತಿ ಹೊತ್ತು ನಿಲ್ಲಿಸಲ್ಲ ನಿನ್ನ."

"ಒಳಗೆ ಬಾ. ಚರ್ಚಿಗೆ ಯಾಕೆ ಬರಲಿಲ್ಲ?"

"ಜೆನೆಟ್ ಹತ್ರ ಹೋಗಿದ್ದೆ. ಸ್ಮಶಾನಕ್ಕೆ. ನಿನ್ನ ಹತ್ರ ಮಾತಾಡೋ ಮುಂಚೆ ಅವಳಿಗೆ ಹೇಳಬೇಕಿತ್ತು."

ಆರ್ಡಿಸ್‌ಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದ. ಕಿವಿ ಕೆಂಪಾಗುತ್ತಿತ್ತು, ಆ ಅಕ್ಟೋಬರಿನ ಹಾಗೆಯೇ. "ನೀನು ಅವತ್ತು ಬೇಡ ಅಂದಿದ್ದು... ಬೊರ್ಗಿಲ್ಡ್ ಹೇಳಿದ ಹಾಗಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಎರಡೂ ಸಲ?"

"ಎರಡೂ ಸಲ. ಮೂರನೇ ಸಲಕ್ಕೆ ಉಡುಪು ಇಸ್ತ್ರಿ ಮಾಡಿಟ್ಟಿದ್ದೆ, ವೆಂಡೆಲ್."

ಅವನು ಹತ್ತಿರದ ಡಬ್ಬದ ಮೇಲೆ ಕುಸಿದು ಕೂತ. ಒಳಗೆ ಏನೋ ಗಾಜಿನದು ಟಕ್ಕೆಂದಿತು. ಇಬ್ಬರೂ ಗಮನಿಸಲಿಲ್ಲ.

"ನನಗೆ ಯಾರೂ ಹೇಳಲಿಲ್ಲ ಆರ್ಡಿಸ್."

"ಹೇಳಬೇಕು ಅಂತ ನನಗೂ ಹೊಳೀಲಿಲ್ಲ. ನಡೆಯೋದು ಹೇಗೆ ಅಂತ ಯಾರಿಗಾದ್ರೂ ಹೇಳ್ಕೊಡ್ತೀವಾ? ಎಲ್ಲರಿಗೂ ಗೊತ್ತು ಅಂದ್ಕೊಂಡಿರ್ತೀವಿ."

"ನಮ್ಮ ಕಡೆ ಹುಡುಗಿ ಎರಡು ಸಲ ಬೇಡ ಅಂದ ಮೇಲೂ ಕೇಳಿದ್ರೆ, ಅವಳ ಅಣ್ಣಂದಿರು ಬಂದು ಮೂಗು ಜಜ್ಜಿಹಾಕ್ತಾರೆ!"

ಆರ್ಡಿಸ್‌ಗೆ ಅಳುವಿನ ನಡುವೆ ನಗು ಬಂತು. "ನಮ್ಮಣ್ಣ ನೀನು ಮತ್ತೆ ಕೇಳಲಿಲ್ಲ ಅಂತ ಮೂಗು ಜಜ್ಜೋಕೆ ಹೊರಟಿದ್ದ. ನಾನೇ ತಡೆದೆ."

ಕಿಟಕಿಯ ಹೊರಗೆ ಬೆಳಕು ಹಿಮದ ಮೇಲೆ ಬಿದ್ದು ಕೋಣೆ ತುಂಬ ಬೆಳ್ಳಗೆ ಹರಡಿತ್ತು.

"ಒಂದು ಹೇಳಿಬಿಡ್ತೀನಿ," ಎಂದ ವೆಂಡೆಲ್ ಮೆಲ್ಲಗೆ. "ಜೆನೆಟ್ ಜೊತೆ ನಾನು ಚೆನ್ನಾಗಿದ್ದೆ. ಮೂವತ್ತೈದು ವರ್ಷ ಬರೀ ನಿನ್ನನ್ನೇ ನೆನೀತಿದ್ದೆ ಅಂದ್ರೆ ಸುಳ್ಳಾಗುತ್ತೆ. ಅದು ಸಿನಿಮಾದವರ ಮಾತು."

"ಹಾಗಂದಿದ್ರೆ ಬಾಗಿಲು ತೋರಿಸ್ತಿದ್ದೆ," ಎಂದಳು ಆರ್ಡಿಸ್. "ಜೆನೆಟ್ ನನಗೂ ಬೇಕಾದವಳು. ಅಪ್ಪ ಹೋದಾಗ ಮೂರು ದಿನ ನನ್ನ ಅಡುಗೆಮನೇಲೇ ಇದ್ದಳು. ಒಂದು ಮಾತೂ ಆಡದೆ ಪಾತ್ರೆ ತೊಳೆದಳು."

"ಗೊತ್ತು."

"ಅವಳಿಗೆ ಏನು ಹೇಳಿದೆ, ಬೆಳಿಗ್ಗೆ?"

"ಆರ್ಡಿಸ್ ನಾಳೆ ಹೋಗ್ತಿದ್ದಾಳೆ ಅಂದೆ. ಅವಳು ಹೋದ್ರೆ ಊರು ಖಾಲಿ ಅನ್ಸುತ್ತೆ ಅಂದೆ. ಆರು ವರ್ಷದಿಂದ ಭಾನುವಾರಗಳನ್ನ ದಾಟಿದ್ದು ಆ ಆರ್ಗನ್ ಹಿಡ್ಕೊಂಡೇ ಅಂದೆ." ಅವನು ಕೈಗಳನ್ನು ಉಜ್ಜಿಕೊಂಡ. "ಕೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು. ಎರಡು ಸಲ ಬೇಡ ಅಂದವಳನ್ನ ಮುದುಕನಾದ ಮೇಲೆ ಮತ್ತೆ ಕಾಡೋದಾ ಅಂತ ನುಂಗಿಕೊಂಡೆ."

'ಆರು ವರ್ಷ!' ಆರ್ಡಿಸ್ ಕಣ್ಣು ಮುಚ್ಚಿದಳು. ಅವನು ನುಂಗಿಕೊಂಡ ಮಾತಿಗಾಗಿ ತಾನು ಕನ್ನಡಿ ನೋಡುತ್ತ ಕೂತಿದ್ದೆನಲ್ಲ...

"ಇವತ್ತು ಒಂದು ಅನುಮಾನ," ಎಂದ ವೆಂಡೆಲ್, ತೀರಾ ಗಂಭೀರವಾಗಿ. "ಈಗ ನಾನು ಕೇಳಿದ್ರೆ ಅದು ಮೂರನೇ ಸಲಾನಾ? ಇಲ್ಲಾ ಇಷ್ಟು ವರ್ಷ ಆಯ್ತು ಅಂತ ಮತ್ತೆ ಮೊದಲಿಂದಾನಾ? ಮೊದಲಿಂದ ಅಂದ್ರೆ ನಾಳೆ ಬೆಳಿಗ್ಗೆ ಒಳಗೆ ಮುಗಿಯಲ್ಲ."

ಆರ್ಡಿಸ್ ತಟ್ಟೆಯನ್ನು ಕೆಳಗಿಟ್ಟಳು.

ಅವಳ ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ... ಯಾರೂ ಆಡದ ಮಾತು. ಆಡಿದರೆ ಊರು ನಗುತ್ತದೆ. ನಗಲಿ! ಸಿನಿಮಾದ ಆ ಗುಂಡಿ ಹಾಕದ ಹುಡುಗಿಯನ್ನು ನೋಡಿಯೂ ನಕ್ಕಿತ್ತು. ಖಾಲಿ ಕಪ್ ಊದುತ್ತಿದ್ದರೂ ಅವಳಿಗೆ ಒಂದು ಗೊತ್ತಿತ್ತು. ಬೇಕಾದದ್ದನ್ನು ಬೇಕು ಎನ್ನುವುದು.

"ನೀನು ಕೇಳೋದೇ ಬೇಡ," ಎಂದಳು.

ಅವನ ಮುಖ ಬಿಳಚಿತು. "ಬೇಡ್ವಾ?"

"ಅಯ್ಯೋ, ಪೂರ್ತಿ ಕೇಳೋ ಮಾರಾಯ!" ಅವಳು ಎರಡು ಡಬ್ಬ ದಾಟಿ ಅವನ ಮುಂದೆ ಬಂದು ನಿಂತಳು. "ನಾನೇ ಕೇಳ್ತೀನಿ. ವೆಂಡೆಲ್... ನನ್ನ ಮದುವೆ ಆಗ್ತೀಯಾ?"

"ಹೂಂ," ಎಂದ ಅವನು.

ಅಷ್ಟೇ. ಅವಳ ಮಾತಿನ ಕೊನೆಯಕ್ಷರ ಇನ್ನೂ ಬಾಯಲ್ಲೇ ಇತ್ತು.

"ಒಂದು ಸಲಾದ್ರೂ ಬೇಡ ಅನ್ನಲ್ವಾ?"

"ನನಗೆ ಅರವತ್ತೊಂಬತ್ತು, ಆರ್ಡಿಸ್. ನಮ್ಮಲ್ಲಿ ಯಾರಾದ್ರೂ ಒಬ್ಬರು ಬೇಗ ಹೇಳಬೇಕಲ್ಲ."

ಅವಳು ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. ಅವನು ಎದ್ದು ಅವಳ ಎರಡೂ ಕೈ ಹಿಡಿದುಕೊಂಡ. ಆ ಕೈಗಳ ತುಂಬ ಪತ್ರಿಕೆಯ ಮಸಿ. ಅವನ ಕೈಯಲ್ಲಿ ಇನ್ನೂ ಹೊರಗಿನ ಚಳಿ ಇತ್ತು. ಹಿಮ ಬೀಳಲಿಲ್ಲ, ಯಾವ ಗಂಟೆಯೂ ಬಾರಿಸಲಿಲ್ಲ. ಫ್ರಿಜ್ ಒಮ್ಮೆ ಗುರ್ ಎಂದು ಸುಮ್ಮನಾಯಿತು.

"ಜೋಲೀನ್‌ಗೆ ಏನು ಹೇಳೋದು?" ಎಂದಳು.

"ಅಂಟುಪಟ್ಟಿ ವಾಪಸ್ ಕೊಟ್ಟು ಬಾ ಅನ್ನು."

ಆಗ ಅವಳಿಗೆ ಒಂದು ಸದ್ದು ಕೇಳಿಸಿತು. ಹೊರಗೆ, ಒಂದೇ ಸಮನೆ, ಢುರ್ ಢುರ್ ಎಂದು. ಕಿಟಕಿಯಿಂದ ಇಣುಕಿದಳು. ಅವನ ಹಳೆಯ ಗಾಡಿ ಬಾಗಿಲ ಮುಂದೆ ಹೊಗೆ ಬಿಡುತ್ತ ನಿಂತಿತ್ತು.

"ಎಂಜಿನ್ ಆರಿಸದೆ ಬಂದಿದ್ದೀಯಾ?"

"ಎರಡೇ ನಿಮಿಷ ಅಂದ್ಕೊಂಡೆ," ಎಂದ ವೆಂಡೆಲ್. "ನೀನು ಬೇಡ ಅಂದ್ರೆ ಬೇಗ ಹೊರಟುಬಿಡಬೇಕಲ್ಲ."

ಆರ್ಡಿಸ್ ಅವನ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿದಳು. ಒಂದೊಂದಾಗಿ, ನಿಧಾನವಾಗಿ.

"ಹೋಗು. ಆರಿಸಿ ಬಾ."